ಪಕ್ಕದ ಮನೆಯ ಹುಣ್ಣಿಮೆ

ಗಣೇಶ ಚೌತಿಯ ಸಂಜೆ ನಾವೆಲ್ಲ ತಲೆ ತಗ್ಗಿಸಿಕೊಂಡು ಓಡಾಡುವ ಜನ. ಅಪ್ಪಿತಪ್ಪಿ ಚಂದ್ರ ಕಣ್ಣಿಗೆ ಬಿದ್ದರೆ ಶಮಂತಕ ಮಣಿಯ ಕಥೆ ಕೇಳಬೇಕು, ತಲೆಗೆ ಅಕ್ಷತೆ ಹಾಕಿಸಿಕೊಳ್ಳಬೇಕು. ಅದಾಗಿ ಸಾಮಾನ್ಯವಾಗಿ ಹನ್ನೊಂದು ದಿನದ ಹೊತ್ತಿಗೆ ನನ್ನ ಪಕ್ಕದ ಮನೆಯವರು ಅದೇ ಚಂದ್ರನಿಗಾಗಿ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಾರೆ. ಅವರು ಚೀನಾದ ಗುವಾಂಗ್‌ಝೌ ಕಡೆಯವರು, ನಾನು ಹಾಸನದವಳು, ನಮ್ಮಿಬ್ಬರ ಮನೆ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಚೌತಿಯ ದಿನ ಕಿಟಕಿಯ ಪರದೆ ಎಳೆದುಕೊಂಡ ನಾನೇ ಆಮೇಲೆ ಅವರ ಕುರ್ಚಿಯಲ್ಲಿ ಕೂತು ಕತ್ತೆತ್ತಿ ಚಂದ್ರನನ್ನು ನೋಡುತ್ತೇನೆ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ಅಪವಾದ ಬಂದದ್ದು ಒಂದೇ ಒಂದು ಸಲ, ಅದೂ ಚಂದ್ರನಿಂದಲ್ಲ, ನನ್ನ ಕೈಯಲ್ಲಿದ್ದ ಹೂವಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಊರು ಬಿಟ್ಟು ಹೊರದೇಶದಲ್ಲಿ ಇದ್ದೀರಿ. ಪಕ್ಕದ ಮನೆಯಲ್ಲೋ ಆಫೀಸಿನ ಪಕ್ಕದ ಮೇಜಿನಲ್ಲೋ ನಿಮ್ಮ ಹಾಗೆಯೇ ಊರು ಬಿಟ್ಟು ಬಂದ ಚೀನೀಯರೊಬ್ಬರು ಇದ್ದೇ ಇರುತ್ತಾರೆ. ವರ್ಷಕ್ಕೊಮ್ಮೆ ಅವರು ನಿಮ್ಮ ಕೈಗೊಂದು ಕೆಂಪು ಡಬ್ಬ ಕೊಡುತ್ತಾರೆ, ಇಲ್ಲವೇ ಸಂಜೆ ಮನೆಗೆ ಬನ್ನಿ ಎನ್ನುತ್ತಾರೆ. ನೀವೇನು ಮಾಡುತ್ತೀರಿ? ಡಬ್ಬ ತಂದು ಅಡುಗೆಮನೆ ಕಪಾಟಿನ ಮೇಲಿಟ್ಟು ಮರೆಯುತ್ತೀರಿ. ದೀಪಾವಳಿಗೆ ಕಪಾಟು ಒರೆಸುವಾಗ ಅದು ಕಣ್ಣಿಗೆ ಬಿದ್ದು, ಬೂಷ್ಟು ಹಿಡಿದಿದೆ ಎಂದು ಕಸಕ್ಕೆ ಹೋಗುತ್ತದೆ. ಮನೆಗೆ ಕರೆದರೆ "ನೋಡೋಣ, ಟ್ರೈ ಮಾಡ್ತೀವಿ" ಅನ್ನುತ್ತೀರಿ. ಹೋದರೂ ಎಲ್ಲರ ಊಟ ಮುಗಿದ ಮೇಲೆ ಹೋಗಿ, ನಾಲ್ಕು ಫೋಟೊ ಹೊಡೆದು, "ನಾವು ವೆಜ್" ಎಂದು ತಟ್ಟೆ ಮುಟ್ಟದೆ ಎದ್ದು ಬರುತ್ತೀರಿ. ನಿಮ್ಮಮ್ಮ ನಿಮ್ಮನ್ನು ಬೆಳೆಸಿದ್ದು ಹೀಗೆಯೇ? ಅಲ್ಲ ಅಂತ ನನಗೆ ಗೊತ್ತು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ತಿಳಿವಳಿಕೆ ಇಲ್ಲ, ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ, ಸ್ವಲ್ಪ ಕೇಳಿಸಿಕೊಳ್ಳಿ.

ಮೊದಲು ದಿನ ಯಾವುದೆಂದು ಗೊತ್ತಿರಲಿ. ಅವರ ಪಂಚಾಂಗದ ಎಂಟನೇ ತಿಂಗಳ ಹದಿನೈದನೇ ದಿನ ಈ ಹಬ್ಬ. ಹೆಸರು ಜೋಂಗ್‌ಚ್ಯೂ, ಅಂದರೆ ಶರತ್ಕಾಲದ ನಡುಮಧ್ಯ. 2026ರಲ್ಲಿ ಸೆಪ್ಟೆಂಬರ್ 25, ಶುಕ್ರವಾರ. ನಮ್ಮ ಚೌತಿ ಸೆಪ್ಟೆಂಬರ್ 14ಕ್ಕೆ, ಲೆಕ್ಕ ಹಾಕಿ ನೋಡಿ, ಸರಿಯಾಗಿ ಹನ್ನೊಂದು ದಿನ. ಪ್ರತಿ ವರ್ಷ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ. ನಮ್ಮಂತೆ ಅವರಿಗೂ ಅಧಿಕ ಮಾಸವಿದೆ, ಆದರೆ ಅದು ನಮ್ಮ ಅಧಿಕ ಮಾಸದ ಜತೆಗೇ ಬರಬೇಕೆಂದಿಲ್ಲ. 2025ರಲ್ಲಿ ಅವರಿಗೆ ಆರನೇ ತಿಂಗಳು ಎರಡು ಸಲ ಬಂದು, ಹಬ್ಬ ಅಕ್ಟೋಬರ್ 6ಕ್ಕೆ ಹೋಗಿ ನಮ್ಮ ಸೀಗೆ ಹುಣ್ಣಿಮೆಯ ಮಗ್ಗುಲಿಗೆ ಕೂತಿತು. ಹಾಗಾಗಿ ಹೋದ ವರ್ಷದ ತಾರೀಖು ನೆನಪಿಟ್ಟುಕೊಂಡು ಈ ವರ್ಷ ಶುಭಾಶಯ ಕಳಿಸಿ ನಗೆಪಾಟಲಾಗಬೇಡಿ.

ಕಣ್ಣು ಸಣ್ಣಗಿದ್ದವರಿಗೆಲ್ಲ "ಚೈನೀಸ್ ಹಬ್ಬದ ಶುಭಾಶಯ" ಎಂದು ಒಂದೇ ಸಂದೇಶ ಕಳಿಸುವುದನ್ನೂ ದಯವಿಟ್ಟು ಬಿಡಿ. ಅದೇ ಹುಣ್ಣಿಮೆ ಕೊರಿಯಾದವರಿಗೆ ಛುಸೊಕ್, ವಿಯೆಟ್ನಾಮಿನವರಿಗೆ ಮಕ್ಕಳ ಹಬ್ಬ. ನಿಮ್ಮ ಯುಗಾದಿಯನ್ನು ಯಾರಾದರೂ ಬೈಸಾಖಿ ಅಂದರೆ ಹೇಗಾದೀತು? ಒಂದು ಮಾತು ಕೇಳಿ ತಿಳಿದುಕೊಂಡರೆ ಬಾಯೇನೂ ಸವೆಯುವುದಿಲ್ಲ.

ಇನ್ನು ಶನಿವಾರದ ರೋಗ. ಇದು ನಮಗೂ ಇದೆ, ಅವರಿಗೂ ಇದೆ. ಕನ್ನಡ ಕೂಟದ ಗಣಪತಿ ಚೌತಿಗೆ ಬರುವುದಿಲ್ಲ, ಹಾಲ್ ಸಿಕ್ಕ ಶನಿವಾರಕ್ಕೆ ಬರುತ್ತಾನೆ. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲೂ ಚಂದ್ರನ ಹಬ್ಬದ ಬೀದಿ ಜಾತ್ರೆ ವಾರಾಂತ್ಯಕ್ಕೇ ನಡೆಯುವುದು. ಜಾತ್ರೆಗೆ ಧಾರಾಳವಾಗಿ ಹೋಗಿ, ಸಿಂಹ ಕುಣಿತ ನೋಡಿ, ಮಕ್ಕಳಿಗೆ ದೀಪ ಕೊಡಿಸಿ. ಆದರೆ ಜಾತ್ರೆ ನೋಡಿ ಬಂದೆವು, ಹಬ್ಬವಾಯಿತು ಎಂದು ಕೈ ತೊಳೆದುಕೊಳ್ಳಬೇಡಿ. ಮನೆ ಬಿಟ್ಟು ಬಂದವರಿಗೆ ಜೀವ ಹಿಂಡುವುದು ಜಾತ್ರೆಯ ದಿನ ಅಲ್ಲ, ಹಬ್ಬದ ದಿನವೇ. ಸೋಮವಾರವೋ ಬುಧವಾರವೋ ಆಫೀಸಿನಿಂದ ಬಂದು ಕಾರಿನಿಂದ ಇಳಿಯುವಾಗ ಎದುರಿಗೆ ತಟ್ಟೆಯಷ್ಟು ಚಂದ್ರ ನಿಂತಿರುತ್ತದಲ್ಲ, ಆಗ. ಚೀನಾದಲ್ಲಿ ಅಂದು ಸರ್ಕಾರಿ ರಜೆ, ಊರೆಲ್ಲ ಮನೆಯಲ್ಲಿರುತ್ತದೆ. ಇಲ್ಲಿ ಅವರಿಗೆ ಮಾರನೆಯ ದಿನ ಒಂಬತ್ತು ಗಂಟೆಗೆ ಮೀಟಿಂಗ್. ನೀವು ಹೋಗಬೇಕಾದ್ದು ಆ ಸಂಜೆ. ಅರ್ಧ ಗಂಟೆ ಸಾಕು. ಅಂದು ಆಗಲೇ ಇಲ್ಲವೇ? ಮಾರನೆಯ ಸಂಜೆ ಹೋಗಿ. ಹದಿನೈದರ ಚಂದ್ರ ಹದಿನಾರಕ್ಕೇ ದುಂಡಗೆ ಎಂಬ ಮಾತು ಅವರಲ್ಲೇ ಇದೆ. ನಿಮ್ಮಂಥ ತಡಮಾಡುವವರಿಗಾಗಿಯೇ ಮಾಡಿರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಇದು ಮೂಲದಲ್ಲಿ ಎಲ್ಲರೂ ಒಟ್ಟಿಗೆ ಸೇರುವ ಹಬ್ಬ. ತುವಾನ್‌ಯುವಾನ್ ಎನ್ನುತ್ತಾರೆ, ಮನೆಮಂದಿ ಮತ್ತೆ ಒಂದುಗೂಡುವುದು, ದುಂಡಗಾಗುವುದು. ಚಂದ್ರ ದುಂಡಗೆ, ಮೂನ್‌ಕೇಕ್ ದುಂಡಗೆ, ಊಟದ ಮೇಜೂ ದುಂಡಗೆ. ಅಗಲಿದವರ ನೆನಪೂ ಈ ಹಬ್ಬಕ್ಕೆ ಹಳೆಯದೇ. 1076ರಲ್ಲಿ ಸು ಶಿ ಎಂಬ ಕವಿ ಶಾಂಡೊಂಗ್ ಕಡೆಯ ಮಿಝೌನಲ್ಲಿ ಅಧಿಕಾರಿಯಾಗಿದ್ದಾಗ, ಇದೇ ಹುಣ್ಣಿಮೆಯ ರಾತ್ರಿ ಬೆಳಗಿನವರೆಗೆ ಕುಡಿದು, ವರ್ಷಗಳಿಂದ ಮುಖ ನೋಡದ ತಮ್ಮನನ್ನು ನೆನೆದು ಒಂದು ಹಾಡು ಬರೆದ. 1983ರಲ್ಲಿ ತೆರೆಸಾ ತೆಂಗ್ ಎಂಬ ಗಾಯಕಿ ಅದನ್ನು ಹೊಸ ಧಾಟಿಯಲ್ಲಿ ಹಾಡಿದಳು. ನನ್ನ ಪಕ್ಕದ ಮನೆಯಲ್ಲಿ ಪ್ರತಿ ವರ್ಷ ಪಾತ್ರೆ ತೊಳೆಯುವಾಗ ಆ ಹಾಡು ಹಾಕುತ್ತಾರೆ. ನೀರಿನ ಸದ್ದು ಜೋರಿರುತ್ತದೆ. ಬೇಕೆಂದೇ ಜೋರು ಬಿಡುತ್ತಾರೆ ಎಂದು ನನ್ನ ಗುಮಾನಿ.

ಆ ಮನೆಯ ಅಜ್ಜಿಯನ್ನು ಮೊಮ್ಮಕ್ಕಳು ಪೋಪೋ ಎಂದು ಕರೆಯುತ್ತಾರೆ, ಅಮ್ಮನ ಅಮ್ಮ ಎಂದು. ನಾನೂ ಹಾಗೇ ಕರೆಯುತ್ತೇನೆ. ಮಗಳ ಬಾಣಂತನಕ್ಕೆ ಬಂದವರು ನಮ್ಮ ಅಮ್ಮಂದಿರ ಹಾಗೆಯೇ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಅವರಿಗೆ ನನ್ನ ಇಂಗ್ಲಿಷ್ ಬಾರದು, ನನಗೆ ಅವರ ಕ್ಯಾಂಟೊನೀಸ್ ಬಾರದು. ಆದರೂ ನಮ್ಮ ಮಾತು ನಿಂತದ್ದಿಲ್ಲ. ಹಬ್ಬದ ರಾತ್ರಿ ಪೋಪೋ ಮೂನ್‌ಕೇಕ್ ಕೊಯ್ಯುವುದನ್ನು ನೀವು ನೋಡಬೇಕು. ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಮನೆಮಂದಿಯನ್ನು ಬೆರಳಲ್ಲಿ ಎಣಿಸಿ, ಅಷ್ಟು ಚೂರು ಮಾಡುತ್ತಾರೆ. ಎದುರಿಗೆ ಕೂತವರಷ್ಟನ್ನೇ ಅಲ್ಲ, ಇಲ್ಲದವರನ್ನೂ ಎಣಿಸುತ್ತಾರೆ. ಗುವಾಂಗ್‌ಝೌನಲ್ಲಿರುವ ಮಗನಿಗೊಂದು, ಸೊಸೆಗೊಂದು. ಇದು ಹಳೆಯ ಕ್ರಮ: ದೂರದಲ್ಲಿರುವವರಿಗೂ ಪಾಲು. ಮೊದಲ ವರ್ಷ ಆ ಎರಡು ಚೂರು ತಟ್ಟೆಯಲ್ಲೇ ಉಳಿದವು. ಎರಡನೇ ವರ್ಷ ಮಗನ ಚೂರನ್ನು ನನ್ನ ಕೈಗಿಟ್ಟು, ತಿನ್ನು ಎಂದು ಕಣ್ಣಲ್ಲೇ ಹೇಳಿದರು. ನಾನು ಬೇಡ ಅನ್ನಲಿಲ್ಲ. ನೀವೂ ಅನ್ನಬೇಡಿ. ಅವರ ತಟ್ಟೆಯಲ್ಲಿ ಒಂದು ಚೂರು ಮಿಕ್ಕಿರುತ್ತದೆ. ಅದನ್ನು ತಿನ್ನಲು ಒಬ್ಬರು ಬೇಕು. ನಿಮ್ಮನ್ನು ಕರೆದಿರುವುದು ಅದಕ್ಕೇ.

ತಿನ್ನುವ ಮಾತು ಬಂದದ್ದರಿಂದ ಸಸ್ಯಾಹಾರಿಗಳಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುವಾಂಗ್‌ಡೊಂಗ್ ಕಡೆಯ ಮೂನ್‌ಕೇಕ್ ಅಂದರೆ ಒಳಗೆ ತಾವರೆ ಬೀಜದ ಹೂರಣ, ಹೂರಣದ ನಡುವೆ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿ, ಹುಣ್ಣಿಮೆ ಚಂದ್ರನ ಲೆಕ್ಕಕ್ಕೆ. ಮೇಲೆ ತೆಳು ಕಣಕ, ಹೊಳಪಿಗೆ ಮೊಟ್ಟೆ ಸವರಿರುತ್ತಾರೆ. ಹೂರಣಕ್ಕೆ ಕೆಲವರು ಕಡಲೆಕಾಯಿ ಎಣ್ಣೆ ಹಾಕುತ್ತಾರೆ, ಕೆಲವರು ಹಂದಿ ಕೊಬ್ಬು. ಸುಝೌ ಕಡೆಯದಾದರೆ ಒಳಗೆ ಮಾಂಸವೇ ಇರಬಹುದು. ಡಬ್ಬದ ಮೇಲೆ ಕೆಂಪು ಅವರೆಯ ಚಿತ್ರ ಇದೆ ಎಂದು ನಂಬಿ ಬಾಯಿಗೆ ಹಾಕಬೇಡಿ, ಹಿಂದೆ ತಿರುಗಿಸಿ ಓದಿ. ತಿಂದ ಮೇಲೆ ಗೊತ್ತಾಗಿ ಮುಖ ಹಿಂಡುವುದಕ್ಕಿಂತ ಕರೆದ ದಿನವೇ ನಗುನಗುತ್ತಾ ಹೇಳಿಬಿಡಿ. "ವೊ ಚಿ ಸೂ" ಅಂದರೆ ಸಾಕು, ನಾನು ಸಸ್ಯಾಹಾರಿ ಎಂದರ್ಥ. ಕ್ಯಾಂಟೊನೀಸ್‌ನವರಾದರೆ "ಸೆಕ್ ಜಾಯ್" ಅನ್ನಿ. ಅವರಲ್ಲಿ ಬೌದ್ಧ ವ್ರತ ಹಿಡಿದವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ನಿಮ್ಮ ಮಡಿ ಅವರಿಗೇನೂ ಹೊಸದಲ್ಲ, ಸುಮ್ಮನೆ ಸಂಕೋಚ ಪಡಬೇಡಿ. ಆದರೆ ಹೇಳುವ ಧಾಟಿ ಮುಖ್ಯ. "ಛೀ, ಇದರಲ್ಲಿ ಏನೇನು ಹಾಕಿರ್ತಾರೋ" ಎಂದು ಮಕ್ಕಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದರೂ ಅದು ಮುಖದಲ್ಲಿ ಕಾಣುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಾನು ಹೇಳಿದ ಮರುವರ್ಷದಿಂದ ಪೋಪೋ ನನಗಾಗಿ ಬೇರೆಯೇ ಮಾಡುತ್ತಾರೆ. ನಿಂಬೆರಸ ಹಿಂಡಿ ಕಾಯಿಸಿದ ಸಕ್ಕರೆ ಪಾಕ, ಕಡಲೆಕಾಯಿ ಎಣ್ಣೆ, ಚೂರು ಕ್ಷಾರದ ನೀರು ಹಾಕಿ ಕಣಕ ಕಲಸುತ್ತಾರೆ. ಹೂರಣದ ಉಂಡೆ ಒಳಗಿಟ್ಟು, ಮರದ ಅಚ್ಚಿಗೆ ಒತ್ತಿ, ಅಚ್ಚನ್ನು ಮೇಜಿನ ಅಂಚಿಗೆ ಎಡಕ್ಕೊಂದು ಬಲಕ್ಕೊಂದು ಏಟು ಹಾಕಿ ಬೋರಲು ಹಾಕಿದರೆ ಅಂಗೈಗೆ ಹೂವಿನ ಚಿತ್ತಾರದ ಚಂದ್ರ ಬೀಳುತ್ತದೆ. ಆ ಏಟಿನ ಸದ್ದು ನಮ್ಮ ಮನೆಗೆ ಕೇಳುತ್ತದೆ. ನಾನು ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆ ತೋರಿಸಿದಾಗ, ಅದನ್ನು ಹಿಂದೆ ಮುಂದೆ ತಿರುಗಿಸಿ, ಎರಡು ಹೋಳೇಕೆ ಎಂದು ಸನ್ನೆಯಲ್ಲಿ ಕೇಳಿ, ಜೋಡಿಸಿ ಬಿಚ್ಚಿ ಜೋಡಿಸಿ, ಹತ್ತು ನಿಮಿಷ ಕೊಡಲಿಲ್ಲ. ನನ್ನ ಪಾಲಿನದಕ್ಕೆ ಮೊಟ್ಟೆ ಸವರದೆ, ಗುರುತಿಗೆ ಊಟದ ಕಡ್ಡಿಯ ತುದಿಯಿಂದ ಒಂದು ಕೆಂಪು ಚುಕ್ಕೆ ಇಡುತ್ತಾರೆ. ಮನೆಯಲ್ಲೇ ಮಾಡಿ ನೋಡುವ ಉಮೇದು ನಿಮಗಿದ್ದರೆ ಹಬ್ಬದ ಸಂಜೆ ಶುರು ಮಾಡಬೇಡಿ. ಬೇಯಿಸಿ ಇಳಿಸಿದಾಗ ಅದರ ಕಣಕ ಬಿಸ್ಕತ್ತಿನ ಹಾಗೆ ಗಡುಸು. ಎರಡು ಮೂರು ದಿನ ಮುಚ್ಚಿಟ್ಟರೆ ಎಣ್ಣೆ ಹೊರಗೆ ಬಂದು ಮೆತ್ತಗಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಇಡೀ ಕೇಕನ್ನು ಬನ್ನಿನ ಹಾಗೆ ಕಚ್ಚಬೇಡಿ. ನಮ್ಮವರು ಆಫೀಸಿನಲ್ಲಿ ಹೀಗೆ ತಿನ್ನುವುದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಎರಡು ಹಳದಿಯ ಒಂದು ಕೇಕಿನಲ್ಲಿ 800 ಕ್ಯಾಲೊರಿಯ ಹತ್ತಿರ ಇರುತ್ತದೆ, ಒಂದು ಹೊತ್ತಿನ ಊಟಕ್ಕಿಂತ ಹೆಚ್ಚು. ಎಂಟು ಹೋಳು ಮಾಡಿ, ಒಂದು ಹೋಳು ತೆಗೆದುಕೊಂಡು, ಸಣ್ಣ ಸಣ್ಣ ತುಣುಕಾಗಿ ಟೀ ಜತೆ ತಿನ್ನಿ. ಸಕ್ಕರೆ ಕಾಯಿಲೆಯವರಿಗೆ ಅರ್ಧ ಹೋಳು ಸಾಕು, ಊಟ ಬಲ್ಲವನಿಗೆ ರೋಗವಿಲ್ಲ. ಟೀಗೆ ಹಾಲು ಸಕ್ಕರೆ ಕೇಳಬೇಡಿ, ದಯಮಾಡಿ. ಅದು ಕರಿ ಕಷಾಯದ ಹಾಗಿದ್ದರೂ ಆ ಸಿಹಿಗೆ ಅದೇ ಸರಿಯಾದ ಜೋಡಿ. ನಿಮ್ಮ ಬಟ್ಟಲಿಗೆ ಯಾರಾದರೂ ಟೀ ಸುರಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿ. ಕ್ಯಾಂಟೊನೀಸರಲ್ಲಿ ಅದೇ ನಮಸ್ಕಾರ. ನೀವು ಸುರಿಯುವಾಗ ಮೊದಲು ಬೇರೆಯವರಿಗೆ, ಕೊನೆಗೆ ನಿಮಗೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರ ಮುಂದೆ ಊದುಬತ್ತಿ ಇಟ್ಟ ಹಾಗೆ.

ತಟ್ಟೆಯಲ್ಲಿ ನಿಮಗೆ ಪರಿಚಯದ ಮುಖಗಳೂ ಇರುತ್ತವೆ, ಗಾಬರಿಯಾಗಬೇಡಿ. ಬೇಯಿಸಿದ ಪುಟ್ಟ ಕೆಸವಿನ ಗೆಡ್ಡೆ ಇರುತ್ತದೆ. ಬಾವಲಿಯ ಹಾಗೆ ಎರಡು ಕೊಂಬಿನ ಕರಿ ಕಾಯಿ ಇರುತ್ತದೆ, ನಮ್ಮ ಉತ್ತರದವರ ಸಿಂಗಾಡದ ನೆಂಟ. ಚಕ್ಕೋತವಂತೂ ಇರಲೇಬೇಕು. ನಮ್ಮ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ವಿಮಾನ ನಿಲ್ದಾಣ ಬಂದು ತೋಟಗಳೇ ಕಡಿಮೆಯಾದವು. ಆ ನಿಲ್ದಾಣದಿಂದ ವಿಮಾನ ಹತ್ತಿ ಬಂದ ನಾನು ಆ ಊರಿನ ಹಣ್ಣಿನ ರುಚಿಯನ್ನು ನೆನೆದದ್ದು ಚೀನೀ ಅಜ್ಜಿಯ ಹಿತ್ತಲಲ್ಲಿ. ಪೋಪೋ ಅದರ ಸಿಪ್ಪೆಯನ್ನು ಹೂವಿನೆಸಳಿನ ಹಾಗೆ ಬಿಡಿಸಿ ಮೊಮ್ಮಗಳ ತಲೆಗೆ ಟೋಪಿ ಹಾಕುತ್ತಾರೆ. ನಿಮ್ಮ ಮಗುವಿಗೂ ಹಾಕಿದರೆ "ಕೂದಲು ಅಂಟಂಟಾಗುತ್ತೆ" ಎಂದು ಕಿತ್ತುಬಿಡಬೇಡಿ. ಒಂದು ಎಚ್ಚರಿಕೆ ಮಾತ್ರ: ಕೊಲೆಸ್ಟರಾಲಿಗೋ ಬಿಪಿಗೋ ಮಾತ್ರೆ ತಿನ್ನುವವರು ಚಕ್ಕೋತ ತಿನ್ನುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಿ. ಕೆಲವು ಮಾತ್ರೆಗಳಿಗೂ ಅದಕ್ಕೂ ಆಗಿಬರುವುದಿಲ್ಲ.

ಈಗ ನನ್ನ ಅಪವಾದದ ಕಥೆ. ಮೊದಲ ಸಲ ಕರೆದಾಗ, ಬರಿಗೈಯಲ್ಲಿ ಹೋಗಬಾರದಲ್ಲ ಎಂದು ಅಂಗಡಿಗೆ ಹೋಗಿ ಒಳ್ಳೆಯ ಬಿಳಿ ಸೇವಂತಿಗೆ ದೊಡ್ಡ ಗೊಂಚಲು ತಂದೆ. ನಮಗೆ ಸೇವಂತಿಗೆ ಎಂದರೆ ದೇವರ ಹೂವು, ಗೌರಿ ಹಬ್ಬದ ಹೂವು. ಪೋಪೋ ಮಗಳು ಬಾಗಿಲು ತೆರೆದು ಎರಡೂ ಕೈಯಲ್ಲಿ ತೆಗೆದುಕೊಂಡಳು, ನಗುತ್ತಲೇ ತೆಗೆದುಕೊಂಡಳು. ಒಳಗೆ ಹೋಗಿ ನೋಡಿದರೆ ಹೂವು ಎಲ್ಲೂ ಇಲ್ಲ. ಮನೆಗೆ ಮರಳುವಾಗ ಗ್ಯಾರೇಜಿನ ಪಕ್ಕ, ನೆಲ ಒರೆಸುವ ಬಕೆಟ್ಟಿನಲ್ಲಿ ಕೂತಿತ್ತು. ನನಗೆ ಮೈಯೆಲ್ಲ ಉರಿಯಿತು, ಎಂಥ ಜನ ಇವರು ಎಂದುಕೊಂಡೆ. ಹದಿನೈದು ದಿನ ಮಾತು ಬಿಟ್ಟೆ ಕೂಡ, ಅವರಿಗೆ ಅದು ಗೊತ್ತಾಗಲಿಲ್ಲ ಎನ್ನುವುದು ಬೇರೆ. ಕೊನೆಗೆ ಆ ಹುಡುಗಿಯೇ ಹಿಂಜರಿಯುತ್ತಾ ಹೇಳಿದಳು: ಅವರಲ್ಲಿ ಬಿಳಿ, ಹಳದಿ ಸೇವಂತಿಗೆ ಶವಸಂಸ್ಕಾರಕ್ಕೆ, ಸಮಾಧಿಗೆ. ಹಬ್ಬದ ರಾತ್ರಿ, ಎಪ್ಪತ್ತರ ಮುದುಕಿಯ ಮನೆಗೆ ನಾನು ಒಯ್ದದ್ದು ಅದು! ಬಕೆಟ್ಟಿಗಾದರೂ ಹಾಕಿದ್ದರಲ್ಲ, ನಾನಾಗಿದ್ದರೆ ರಸ್ತೆಗೆ ಎಸೆಯುತ್ತಿದ್ದೆ.

ಆದ್ದರಿಂದ ಏನು ಒಯ್ಯಬಾರದು ಎನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. ಗೃಹಪ್ರವೇಶಕ್ಕೆ ಕೊಟ್ಟು ಕೊಟ್ಟು ರೂಢಿಯಾದ ಗೋಡೆ ಗಡಿಯಾರ ಬೇಡವೇ ಬೇಡ. ಗಡಿಯಾರ ಕೊಡುವುದು ಎನ್ನುವ ಮಾತು ಅವರ ಭಾಷೆಯಲ್ಲಿ ಸಾಯುವವರನ್ನು ಕಳಿಸಿಕೊಡುವುದು ಎಂದು ಕೇಳಿಸುತ್ತದೆ. ಕೊಡೆ ಬೇಡ, ಮರಸೇಬು ಬೇಡ, ಎರಡರ ಹೆಸರಲ್ಲೂ ಅಗಲಿಕೆಯ ಸದ್ದಿದೆ. ಚಾಕು ಕತ್ತರಿ ಬೇಡ. ನಾಲ್ಕು ಎಂಬ ಸಂಖ್ಯೆಯೂ ಸಾವಿನ ಹಾಗೆ ಕೇಳಿಸುತ್ತದೆಂದು ಹೆದರುತ್ತಾರೆ. ಹಾಗೆ ಹೆದರುವವರೇ ಮೂನ್‌ಕೇಕನ್ನು ಡಬ್ಬಕ್ಕೆ ನಾಲ್ಕರಂತೆ ಮಾರುತ್ತಾರೆ. ಕೇಳಿದರೆ ಪೋಪೋ ನಗುತ್ತಾರೆ, ನಮ್ಮ ರಾಹುಕಾಲದ ವಿನಾಯಿತಿಗಳ ಹಾಗೆ. ಒಯ್ಯುವುದಾದರೆ ದ್ರಾಕ್ಷಿ, ಕಿತ್ತಳೆ, ಒಳ್ಳೆಯ ಟೀ ಪೊಟ್ಟಣ ಒಯ್ಯಿರಿ. ಎಲ್ಲಕ್ಕಿಂತ ಚೆನ್ನ ನಿಮ್ಮ ಮನೆಯ ಹೋಳಿಗೆ. ದುಂಡಗಿದೆ, ಒಳಗೆ ಹೂರಣವಿದೆ. ಇದು ನಮ್ಮೂರ ಮೂನ್‌ಕೇಕ್ ಎಂದರೆ ಮುಗಿಯಿತು. ಅಂಗಡಿಯಿಂದ ತಂದ ಫ್ರೋಜನ್ ಹೋಳಿಗೆ ಬಿಸಿ ಮಾಡಿ ಒಯ್ದರೆ ನಾನೇನೂ ಕೇಳುವುದಿಲ್ಲ, ಆದರೆ ನಾನೇ ಮಾಡಿದ್ದು ಎಂದು ಹೇಳಬೇಡಿ.

ಕೊಡುವಾಗ ಎರಡು ಕೈ, ತೆಗೆದುಕೊಳ್ಳುವಾಗಲೂ ಎರಡು ಕೈ. ಅವರು ಬೇಡ ಬೇಡ ಎಂದು ಎರಡು ಮೂರು ಸಲ ತಳ್ಳುತ್ತಾರೆ, ಅದು ಉಪಚಾರದ ಮಾತು. ನಮ್ಮತ್ತೆ ಎರಡನೇ ಸಲ ಅನ್ನ ಬೇಡ ಅನ್ನುತ್ತಿದ್ದರಲ್ಲ, ಹಾಗೆ. ನಿಜ ಎಂದುಕೊಂಡು ವಾಪಸ್ ತಂದುಬಿಟ್ಟೀರಿ! ಕೊಟ್ಟ ಡಬ್ಬವನ್ನು ಅಲ್ಲೇ ಹರಿದು ನೋಡಬೇಡಿ. ಅವರು ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ, ಈ ವಿಷಯದಲ್ಲಿ ಅವರ ಅಜ್ಜಿಯೂ ನಮ್ಮ ಅಜ್ಜಿಯೂ ಒಂದೇ. ನಿಮಗೆ ಬಂದ ಡಬ್ಬವನ್ನು ಇನ್ನೊಬ್ಬರಿಗೆ ದಾಟಿಸುವುದು ತಪ್ಪಲ್ಲ, ಅವರೂ ದಾಟಿಸುತ್ತಾರೆ. ಆದರೆ ಹಬ್ಬಕ್ಕೆ ಮುಂಚೆ ದಾಟಿಸಿ. ಹಬ್ಬ ಕಳೆದ ಮೂನ್‌ಕೇಕ್ ಮದುವೆ ಮುಗಿದ ಮೇಲೆ ತಲುಪಿದ ಲಗ್ನಪತ್ರಿಕೆಯ ಹಾಗೆ. ಇನ್ನು ಚೀನಾ, ಹಾಂಗ್‌ಕಾಂಗ್ ಕಡೆ ಹೋಗಿ ಬರುವಾಗ ಡಬ್ಬಗಟ್ಟಲೆ ಹೊತ್ತು ತರುವ ಆಸೆಯಿದ್ದರೆ ಸ್ವಲ್ಪ ತಡೆಯಿರಿ. ಮೊಟ್ಟೆ, ಮಾಂಸ ಇರುವ ತಿಂಡಿಗೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ತಕರಾರು ತೆಗೆಯುತ್ತಾರೆ. ಇರುವುದನ್ನು ಮೊದಲೇ ಹೇಳಿ ತೋರಿಸಿ. ಬಟ್ಟೆಯೊಳಗೆ ಸುತ್ತಿ ಮುಚ್ಚಿಡುವ ಜಾಣತನ ಉಪ್ಪಿನಕಾಯಿ ವಿಷಯದಲ್ಲೇ ನಮಗೆ ಸಾಕಷ್ಟು ದುಬಾರಿಯಾಗಿದೆ.

ಕೂತಲ್ಲಿ ಆಡುವ ಮಾತಿನ ಬಗ್ಗೆಯೂ ಒಂದು ನಿಗಾ ಇರಲಿ. "ನೀವು ನಾಯಿ ತಿನ್ನುತ್ತೀರಾ", "ಆ ವೈರಸ್ ನಿಮ್ಮಿಂದಲೇ ಬಂತಲ್ಲ" ಎಂದೆಲ್ಲ ತಮಾಷೆಗೂ ಕೇಳಬೇಡಿ. ಗಡಿಯ ಜಗಳವನ್ನು ಊಟದ ಮೇಜಿಗೆ ತರಬೇಡಿ, ಅದನ್ನು ಬಗೆಹರಿಸುವುದು ನಿಮ್ಮ ಕೈಯಲ್ಲೂ ಇಲ್ಲ, ಆ ಅಜ್ಜಿಯ ಕೈಯಲ್ಲೂ ಇಲ್ಲ. ಅಜ್ಜಿ ನಿಮ್ಮ ಸಂಬಳ ಎಷ್ಟು, ಎರಡನೇ ಮಗು ಯಾವಾಗ ಎಂದು ಕೇಳಿದರೆ ಮುಖ ಊದಿಸಿಕೊಳ್ಳಬೇಡಿ. ನಿಮ್ಮ ಚಿಕ್ಕಮ್ಮ ಫೋನಿನಲ್ಲಿ ಕೇಳುವುದೂ ಅದೇ ಅಲ್ಲವೇ? ಮಾತಿಗೆ ವಸ್ತು ಬೇಕಿದ್ದರೆ ಮೇಲೆ ನೋಡಿ. ಅವರ ಚಂದ್ರನಲ್ಲಿ ಮೊಲವಿದೆ, ಕಲ್ಲಿನ ಒರಳಲ್ಲಿ ಔಷಧ ಕುಟ್ಟುತ್ತಿದೆ. ನಮ್ಮ ಚಂದ್ರನಲ್ಲೂ ಮೊಲವಿದೆ. ಇಲ್ಲದಿದ್ದರೆ ಶಶಾಂಕ ಎಂದು ಯಾಕೆ ಹೆಸರಿಡುತ್ತಿದ್ದೆವು? ಅಮೃತದಂಥ ಔಷಧ ನುಂಗಿ ಚಂದ್ರಲೋಕಕ್ಕೆ ಹಾರಿಹೋಗಿ, ಗಂಡನಿಂದ ದೂರವಾಗಿ ಅಲ್ಲೇ ಉಳಿದ ಛಾಂಗ್‌ಅ ಎಂಬಾಕೆಯ ಕಥೆ ಕೇಳಿ. ಊರು ಬಿಟ್ಟು ಬಂದವಳ ಕಥೆಯೇ ಅದೂ. ಚೀನಾದ ಚಂದ್ರನೌಕೆಗಳಿಗೆ ಆಕೆಯದೇ ಹೆಸರು, 2013ರಲ್ಲಿ ಅಲ್ಲಿ ಇಳಿದ ಬಂಡಿಗೆ ಯುಟು, ಅಂದರೆ ಪಚ್ಚೆ ಮೊಲ. ಆ ಮನೆಯ ಮೊಮ್ಮಗ ಇದನ್ನು ಜಂಬದಿಂದ ಹೇಳಿದಾಗ ನನ್ನ ಮಗನೂ ಬಿಡಲಿಲ್ಲ, 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ ಇಳಿದದ್ದನ್ನು, ಬೆಂಗಳೂರಿನಲ್ಲಿ ಸೀರೆ ಉಟ್ಟ ಹೆಂಗಸರು ಕಂಪ್ಯೂಟರ್ ಮುಂದೆ ಕೂತಿದ್ದನ್ನು ಹೇಳಿದ. ಇಬ್ಬರೂ ಚಕ್ಕೋತದ ಬೀಜ ಇಟ್ಟು ಎರಡು ನೌಕೆಗಳ ಜಾಗ ಗುರುತು ಮಾಡಿದರು. ಪೋಪೋ ಬಂದು ಆ ಬೀಜಗಳನ್ನು ಗುಡಿಸಿ ಹಾಕಿದರು.

ದೀಪದ ವಿಷಯ ಚಿಕ್ಕದು, ಆದರೆ ಇದರಲ್ಲಿ ನನ್ನ ಮಾತು ಮೀರಬೇಡಿ. ಮಕ್ಕಳಿಗೆ ಕಾಗದದ ದೀಪದೊಳಗೆ ಮೇಣದಬತ್ತಿ ಹಚ್ಚಿ ಕೊಡಬೇಡಿ, ಬ್ಯಾಟರಿಯದು ಸಾಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಹುಲ್ಲು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ಒಂದು ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಬಾನಿಗೆ ತೇಲಿಬಿಡುವ ದೀಪವನ್ನಂತೂ ಮನಸ್ಸಿನಲ್ಲೂ ನೆನೆಯಬೇಡಿ.

ಊರಿಗೆ ಫೋನ್ ಮಾಡುವ ಹೊತ್ತನ್ನೂ ತಿಳಿದಿರಿ, ಅವರ ಮನೆಯ ಹಬ್ಬ ನಡೆಯುವುದು ಆ ಹೊತ್ತಿಗೇ. ಆ ತಿಂಗಳುಗಳಲ್ಲಿ ಗುವಾಂಗ್‌ಝೌ ನಮಗಿಂತ ಹದಿನೈದು ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟಕ್ಕೆ ಚಂದ್ರನ ಕೆಳಗೆ ಮನೆಮಂದಿ ಸೇರಿದಾಗ ಇಲ್ಲಿ ಬೆಳಗಿನ ಐದು. ಹಬ್ಬದ ದಿನ ನಸುಕಿಗೆ ಪಕ್ಕದ ಮನೆಯಲ್ಲಿ ದೀಪ ಹತ್ತಿ, ಗೋಡೆಯಾಚೆ ಜೋರು ಮಾತು ಕೇಳಿದರೆ ಗೊಣಗಬೇಡಿ. ನೀವು ಯುಗಾದಿ ದಿನ ನಿಮ್ಮಪ್ಪನ ಕಿವಿಗೆ ಕೇಳಲೆಂದು ಕಿರುಚುತ್ತೀರಲ್ಲ, ಅವರೂ ಒಂದು ದಿನ ಸಹಿಸಿದ್ದಾರೆ.

ಕೊನೆಗೆ, ಮನೆಮಂದಿಯೇ ಇಲ್ಲದ ಹುಡುಗ ಹುಡುಗಿಯರು. ಎಂ.ಎಸ್. ಓದಲು ಬಂದವರು, ಒಂದೇ ಕೋಣೆಯಲ್ಲಿ ಇರುವವರು, ವೀಸಾ ತೊಡಕಿನಿಂದ ಮೂರು ವರ್ಷ ಊರು ನೋಡದವರು. ಹಬ್ಬಕ್ಕೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ "ಏನಿಲ್ಲ, ನಾನು ಅದನ್ನೆಲ್ಲ ಮಾಡಲ್ಲ" ಎನ್ನುತ್ತಾರೆ. ನಂಬಬೇಡಿ. ನೀವೂ ಇಪ್ಪತ್ಮೂರರಲ್ಲಿ ಹಾಗೇ ಅಂದಿರಿ, ಆಮೇಲೆ ದೀಪಾವಳಿ ರಾತ್ರಿ ನೂಡಲ್ಸ್ ಬೇಯಿಸಿಕೊಂಡು ಗೋಡೆ ನೋಡುತ್ತಾ ಕೂತಿರಿ. ಅವರಿಗೆ ಫಾರ್ವರ್ಡ್ ಮಾಡಿದ ಚಂದ್ರನ ಚಿತ್ರ ಕಳಿಸುವುದು ಬೇಡ. ಚೈನೀಸ್ ಅಂಗಡಿಯಲ್ಲಿ ಒಂದೊಂದಾಗಿ ಬಿಡಿಯಾಗಿಯೂ ಮೂನ್‌ಕೇಕ್ ಸಿಗುತ್ತದೆ. ಒಂದು ತನ್ನಿ, ಮನೆಗೆ ಕರೆಯಿರಿ, ಚಾಕು ಅವರ ಕೈಗೆ ಕೊಡಿ. ಕೊಯ್ಯುವ ಹಕ್ಕು ಅವರದು. ಅನ್ನ ಸಾರು ಹಾಕಿ, ಅಷ್ಟು ಸಾಕು. ಅವರ ಅಡುಗೆಯನ್ನು ಯೂಟ್ಯೂಬ್ ನೋಡಿ ಮಾಡಲು ಹೋಗಿ ಇಬ್ಬರೂ ಉಪವಾಸ ಬೀಳಬೇಡಿ. ಹತ್ತಿರವಿರುವ ನೆರೆಯವನಿಗೆ ದೂರದ ನೆಂಟ ಸಮನಲ್ಲ ಎಂಬ ಗಾದೆ ಅವರಲ್ಲಿದೆ, ನಮ್ಮಲ್ಲೂ ಬೇರೆ ಬೇರೆ ಮಾತಿನಲ್ಲಿ ಇದೆ.

ಕಳೆದ ವರ್ಷ ಪೋಪೋ ಬರಲಿಲ್ಲ. ಮಂಡಿ ನೋವು, ಹದಿಮೂರು ಗಂಟೆ ಕೂರಲಾಗದು ಎಂದರು. ಹಬ್ಬದ ಬೆಳಗ್ಗೆ ಐದಕ್ಕೆ ಪಕ್ಕದ ಮನೆಯಲ್ಲಿ ದೀಪ ಹತ್ತಿತು, ಗೋಡೆಯಾಚೆ ಮಾತು ಕೇಳಿತು. ಸಂಜೆ ನಾನು ಹೋಳಿಗೆ ತೆಗೆದುಕೊಂಡು ಹೋದೆ. ಮಗಳು ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಬೆರಳಲ್ಲಿ ಎಣಿಸಿದಳು. ಅಮ್ಮನ ಚೂರಿನ ಮೇಲೆ ಕೈ ತಡೆಯಿತು. ಆಮೇಲೆ ಅದನ್ನು ನನ್ನ ತಟ್ಟೆಗಿಟ್ಟಳು. ಅಂಗಡಿಯದು, ಅದರಲ್ಲಿ ಮೊಟ್ಟೆ ಇಲ್ಲವೆಂದು ಓದಿ ತಂದಿದ್ದಳು, ಮೇಲೆ ಕೆಂಪು ಚುಕ್ಕೆಯನ್ನು ತಾನೇ ಇಟ್ಟಿದ್ದಳು. ಬೆಳಗ್ಗೆ ಅಮ್ಮ ಫೋನಿನಲ್ಲಿ ಮೊದಲು ಕೇಳಿದ್ದು ಏನು ಗೊತ್ತೇ ಎಂದಳು. ಇಷ್ಟು ವರ್ಷ ಆ ಮನೆಯಲ್ಲಿ ನನಗೊಂದು ಅಡ್ಡಹೆಸರು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಸೇವಂತಿಗೆಯವಳು ಬರ್ತಾಳೆ ತಾನೇ?"

ಬಂದಿದ್ದೆ, ಎರಡು ಚೂರು ತಿಂದೆ ಎಂದು ಹೇಳು ಅಂದೆ.